ಎಬಿಎಸ್ ದೀಪ ಹತ್ತಿದರೆ ಮೊದಲು ವೈರ್ ನೋಡಿ
ಕ್ಯಾಂಪರ್ ವ್ಯಾನ್ ಇರುವವರು ಓದಿ. ಮೊನ್ನೆ ಚಿತ್ರದುರ್ಗ ದಾಟಿ ಬರುವಾಗ ನಮ್ಮ ಗಾಡಿಯ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿತು. ಒಂದು ಗ್ಯಾರೇಜಿನವರು ಸರಿಯಾಗಿ ನೋಡದೆ, ಎಬಿಎಸ್ ನಿಯಂತ್ರಿಸುವ ಮಾಡ್ಯೂಲೇ ಹೋಗಿದೆ, ಪೂರ್ತಿ ಬದಲಿಸಬೇಕು ಅಂದರು. ಸುಮ್ನೆ ಒಪ್ಪಲಿಲ್ಲ. ದಾವಣಗೆರೆ ಪಿ.ಬಿ. ರಸ್ತೆಯ ಎಲೆಕ್ಟ್ರಿಷಿಯನ್ ಒಬ್ಬರು ಸ್ಕ್ಯಾನರ್ ಹಾಕಿದಾಗ ಹಿಂದಿನ ಎಡಚಕ್ರದ ವೇಗ ಅಳೆಯುವ ಸೆನ್ಸರ್‌ನ ದೋಷದ ಕೋಡ್ ಬಂತು. ಮಾಡ್ಯೂಲ್ ಕಡೆಯಿಂದ ಮಲ್ಟಿಮೀಟರ್ ಹಿಡಿದರೆ ಬಲಚಕ್ರದ್ದು ಸುಮಾರು 1,100 ಓಮ್, ಎಡದ್ದು ಓಪನ್, ಅಂದರೆ ಸರ್ಕ್ಯೂಟ್ ಎಲ್ಲೋ ಕಡಿದಿದೆ. ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ಒಂದು ವೈರ್ ತುಂಡಾಗಿತ್ತು. ಬೆಸುಗೆ ಹಾಕಿ ಸರಿ ಮಾಡಿದರು. 600 ರೂಪಾಯಿ, ಮಿರ್ಚಿ ಮಂಡಕ್ಕಿ ನನ್ನ ಲೆಕ್ಕ!

ಹಳದಿ ಎಬಿಎಸ್ ದೀಪ ಮಾತ್ರ ಇದ್ದರೆ ಸಾದಾ ಬ್ರೇಕ್ ಸಾಮಾನ್ಯವಾಗಿ ಹಿಡಿಯುತ್ತೆ, ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು, ನಿಧಾನ ಬನ್ನಿ. ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ, ಮುಂದೆ ಓಡಿಸಬೇಡಿ.