ಅಜ್ಜಿ ಬಿದ್ದದ್ದು ಯಾಕೆ ಅಂತ ಯಾರೂ ಕೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಅಕ್ಟೋಬರ್ 1 ಕಳೆದ ಮೇಲೆ ಪತ್ರಿಕೆಗಳಲ್ಲಿ ಒಂದು ಫೋಟೋ ಬರುತ್ತದೆ. ಹಿರಿಯರ ದಿನ ಅಂತ ಅಜ್ಜ ಅಜ್ಜಿಯರಿಗೆ ಶಾಲು ಹೊದಿಸಿ, ಕೈಗೊಂದು ಸೇಬು ಕೊಟ್ಟು ನಿಂತಿರುವ ಫೋಟೋ. ತಪ್ಪೇನಿಲ್ಲ ಬಿಡಿ. ಆದರೆ ಅದೇ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆಗೆ ಬಂದರೆ ಏನಾಗುತ್ತದೆ ಅನ್ನುವುದನ್ನು ಹೇಳೋಣ ಅಂತ ಈ ಪತ್ರ.

ನಾನು ಎಂಬಿಬಿಎಸ್ ಮುಗಿಸಿ ಈಗ ಹೌಸ್ ಸರ್ಜನ್. ಆರ್ಥೋ ಪೋಸ್ಟಿಂಗ್‌ನಲ್ಲಿದ್ದಾಗ ಒಬ್ಬರು ಅಜ್ಜಿ ಬಂದರು. 78 ವಯಸ್ಸು, ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗೇ ಆಯಿತು. ಡಿಸ್ಚಾರ್ಜ್ ದಿನ ಮಗ ಒಂದು ಪ್ಲಾಸ್ಟಿಕ್ ಕವರ್ ತಂದು ಮೇಜಿನ ಮೇಲೆ ಸುರಿದರು, ಇದನ್ನೆಲ್ಲ ಮುಂದುವರಿಸಬೇಕಾ ಮೇಡಂ ಅಂತ. ಎಣಿಸಿದೆ, 11 ಬಗೆ ಮಾತ್ರೆ. ಅದರಲ್ಲಿ ನಿದ್ದೆಗೇ ಎರಡು. ಸ್ಟ್ರಿಪ್ ತಿರುಗಿಸಿ ನೋಡಿದರೆ ಹೆಸರು ಬೇರೆ ಬೇರೆ, ಒಳಗಿನ ಔಷಧ ಒಂದೇ! ಒಬ್ಬ ಡಾಕ್ಟರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಜ್ಜಿ ಪಾಪ ಎರಡನ್ನೂ ನುಂಗಿ, ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದಿದ್ದಾರೆ. ಮೂಳೆ ಕೂಡಿಸಿದೆವು ಸರಿ, ಬಿದ್ದದ್ದು ಯಾಕೆ ಅಂತ ಹತ್ತು ದಿನದಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮಗೆ ಕಲಿಸಿದ್ದೇ ಹಾಗೆ. ಮಕ್ಕಳ ವಿಭಾಗ ಇಲ್ಲದ ಮೆಡಿಕಲ್ ಕಾಲೇಜು ಇಲ್ಲ, ವಾರ್ಡ್ ಬೇರೆ, ಪರೀಕ್ಷೆ ಬೇರೆ. ವಯಸ್ಸಾದವರಿಗೆ? 2019ರ ಪಠ್ಯಕ್ರಮದಲ್ಲಿ ಮೆಡಿಸಿನ್ ಒಳಗೆ ಜೀರಿಯಾಟ್ರಿಕ್ಸ್ ಅಂತ ಒಂದು ಪಾಠ ಇದೆ, ನಮಗೆ ಅದು ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಪಕ್ಕದ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1996ರಲ್ಲೇ ಈ ವಿಷಯಕ್ಕೆ ಎಂಡಿ ಶುರುವಾಗಿತ್ತು.

ಆದರೆ ನನ್ನ ತಕರಾರು ಚಿಕಿತ್ಸೆಗಿಂತ ಜಾಸ್ತಿ ಸಂಶೋಧನೆಯದ್ದು. ಹೊಸ ಔಷಧಗಳ ಪರೀಕ್ಷೆಗೆ 75 ದಾಟಿದವರನ್ನು, ನಾಲ್ಕಾರು ಕಾಯಿಲೆ ಒಟ್ಟಿಗೇ ಇರುವವರನ್ನು ಬಹಳ ಸಲ ಸೇರಿಸಿಕೊಳ್ಳುವುದೇ ಇಲ್ಲ. ಆಮೇಲೆ ಅದೇ ಔಷಧವನ್ನು ಜಾಸ್ತಿ ನುಂಗುವವರು ಯಾರು? ಇವರೇ. ಇದನ್ನು ಹುಡುಕಿ ನೋಡುವವರು ಬೇಕು, ಅಂಥವರು ಎಂಡಿ ಆದಮೇಲೆ ದಿಢೀರ್ ಅಂತ ಹುಟ್ಟುವುದಿಲ್ಲ, ಸೆಕೆಂಡ್ ಇಯರ್‌ನಲ್ಲೇ ರುಚಿ ಹತ್ತಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರು 1979ರಿಂದ ವಿದ್ಯಾರ್ಥಿಗಳಿಗೆ ಎಸ್‌ಟಿಎಸ್ ಅಂತ ಒಂದು ಯೋಜನೆ ನಡೆಸುತ್ತಿದ್ದಾರೆ. ಎಂಬಿಬಿಎಸ್ ಓದುವ ಮಕ್ಕಳು ಎರಡು ತಿಂಗಳು ಒಂದು ಸಣ್ಣ ಸಂಶೋಧನೆ ಮಾಡಿ ವರದಿ ಕೊಡಬೇಕು. ಒಳ್ಳೆಯ ಯೋಜನೆ. ನಾನೂ ಮಾಡಿದೆ, ಹಳ್ಳಿಯ ಹಿರಿಯರು ಬೀಳುವುದರ ಬಗ್ಗೆ. ಇದಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಅಳತೆ ಟೇಪು, ಮೊಬೈಲ್‌ನ ಸ್ಟಾಪ್‌ವಾಚ್, ಅಷ್ಟೇ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ.

ಜೊತೆಗೆ ನೆನಪಿನ ಶಕ್ತಿಯ ಪ್ರಶ್ನೆಗಳೂ ಇದ್ದವು. ಈಗ ಯಾವ ಋತು ಅಂತ ಒಬ್ಬರು ಅಜ್ಜನನ್ನು ಕೇಳಿದೆ. "ಪುಷ್ಯ ಮಳೆ ಮುಗೀತಾ ಬಂತಲ್ಲವ್ವಾ, ಇನ್ನು ಆಶ್ಲೇಷ" ಅಂದರು. ನನ್ನ ಫಾರಂನಲ್ಲಿ ಇದ್ದದ್ದು ಬೇಸಿಗೆ, ಮಳೆಗಾಲ, ಚಳಿಗಾಲ. ಅದಕ್ಕಿಂತ ಸೂಕ್ಷ್ಮವಾಗಿ ಅಜ್ಜ ಹೇಳಿದ್ದರು, ಆದರೆ ನಗರದಲ್ಲಿ ಬೆಳೆದ ನನಗೆ ಅದು ಸರಿಯೋ ತಪ್ಪೋ ಗೊತ್ತಾಗದೆ ಪಕ್ಕದಲ್ಲಿದ್ದ ಆಶಾ ಅಕ್ಕನ ಮುಖ ನೋಡಿದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರೆ "ಯಾಕೆ ಕಳೀಬೇಕು?" ಅಂತ ಕೇಳಿದರು. ಶಾಲೆಗೆ ಹೋಗದವರಿಗೆ ಇಂಥ ಪ್ರಶ್ನೆ ಇಟ್ಟು ಮರೆವಿನ ಕಾಯಿಲೆ ಅಂತ ಬರೆದುಬಿಟ್ಟರೆ ಹೇಗೆ? ಇದನ್ನು ತಿದ್ದಬೇಕಾದವರು ಆ ಊರಿನ ಮಾತು ಬಲ್ಲ ಡಾಕ್ಟರುಗಳೇ ಅಲ್ವಾ.

ಎರಡು ತಿಂಗಳಾದ ಮೇಲೆ ನನ್ನ ಗೈಡ್ ವರದಿಯನ್ನು ಪಾರ್ಕಿಂಗ್‌ನಲ್ಲಿ ಕಾರಿನ ಬಾನೆಟ್ ಮೇಲಿಟ್ಟು ಸಹಿ ಹಾಕಿದರು, ಒಂದು ಹಾಳೆಯನ್ನೂ ತಿರುಗಿಸಲಿಲ್ಲ. ಅವರನ್ನೂ ಪೂರ್ತಿ ದೂರುವಂತಿಲ್ಲ, ಬೆಳಿಗ್ಗೆಯಿಂದ ಒಪಿಡಿಯಲ್ಲಿ ನಿಂತ ಮನುಷ್ಯ. ಅಲ್ಲಿಗೆ ನನ್ನ ಸಂಶೋಧನೆ ಮುಗಿಯಿತು. ಆಮೇಲೆ ಎಲ್ಲರ ಹಾಗೆ ನೀಟ್ ಪಿಜಿ ಪುಸ್ತಕ ಹಿಡಿದೆ.

ಅಮೆರಿಕದಲ್ಲಿ ಇದಕ್ಕೇ ಅಂತ ಒಂದು ಬೇಸಿಗೆ ತರಬೇತಿ 1990ರ ದಶಕದಿಂದ ನಡೆದುಬಂದಿದೆ, ಎಂಸ್ಟಾರ್ ಅಂತ ಕರೆಯುತ್ತಾರೆ. ಮೆಡಿಕಲ್ ವಿದ್ಯಾರ್ಥಿಗಳು 8ರಿಂದ 12 ವಾರ ಸ್ಟೈಪೆಂಡ್ ಪಡೆದು, ವಯಸ್ಸಾಗುವುದರ ಬಗ್ಗೆಯೇ ಕೆಲಸ ಮಾಡುವ ಗೈಡ್ ಜೊತೆ ಕೂತು ಕಲಿಯುತ್ತಾರೆ. ವಯಸ್ಸಾಗುವುದರ ಬಗ್ಗೆ ಸಂಶೋಧನೆ ಮಾಡುವ ಅಲ್ಲಿನ ರಾಷ್ಟ್ರೀಯ ಸಂಸ್ಥೆಯ ಮೊದಲ ನಿರ್ದೇಶಕ ರಾಬರ್ಟ್ ಬಟ್ಲರ್ ಅಜ್ಜ ಅಜ್ಜಿ ಸಾಕಿದ ಹುಡುಗ, ಮೆಡಿಕಲ್ ಓದುವಾಗ ಮೇಷ್ಟ್ರುಗಳೇ ಮುದಿ ರೋಗಿಗಳನ್ನು ಆಡಿಕೊಳ್ಳುವುದನ್ನು ಕೇಳಿ ಬೇಜಾರಾದವರು. ಅಂದರೆ ಅಲ್ಲೂ ಪರಿಸ್ಥಿತಿ ಹೀಗೇ ಇತ್ತು.

ನಾವು ಅಷ್ಟು ದೂರ ನೋಡುವುದೇನೂ ಬೇಡ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 45 ದಾಟಿದ ಹಳ್ಳಿ ಜನರ ನೆನಪು, ರಕ್ತ, ಮೆದುಳಿನ ಸ್ಕ್ಯಾನ್ ಎಲ್ಲವನ್ನೂ ವರ್ಷಗಟ್ಟಲೆ ನೋಡುತ್ತಾ ಬಂದಿದ್ದಾರೆ, ಗುರಿ 10,000 ಜನ. ನಮ್ಮ ಮಾವಿನಕಾಯಿ ಸೀಮೆಯಲ್ಲೇ ಇಂಥ ಕೆಲಸ ನಡೆಯುತ್ತಿರುವುದು ನನ್ನ ಬ್ಯಾಚ್‌ನಲ್ಲಿ ನಾಲ್ಕು ಜನಕ್ಕೂ ಗೊತ್ತಿರಲಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದವರು ವರ್ಷಕ್ಕೆ ಒಂದು ಮೂವತ್ತು ವಿದ್ಯಾರ್ಥಿಗಳನ್ನಾದರೂ ಆರಿಸಿ, ಎರಡು ತಿಂಗಳು ಇಂಥ ಕಡೆ, ನಿಮ್ಹಾನ್ಸ್ ಕಡೆ ಕಳಿಸಬಾರದೇಕೆ? ಊಟ, ವಸತಿ, ಬಸ್ ಚಾರ್ಜ್ ಕೊಡಲಿ. ಮುಖ್ಯವಾಗಿ ಆ ಎರಡು ತಿಂಗಳು ಮುಗಿದ ಮೇಲೂ ಫೋನ್ ಎತ್ತುವ ಗೈಡ್ ಕೊಡಲಿ. ಟೈಮ್ ಎಲ್ಲಿದೆ ಅಂತ ಕೇಳಬೇಡಿ. ಬೇಕಾದ ವಿಷಯ ಆರಿಸಿಕೊಂಡು ಕಲಿಯಲಿ ಅಂತ ಎಲೆಕ್ಟಿವ್ ಅನ್ನುವ ಕೆಲವು ವಾರ ಇದ್ದೇ ಇದೆ, ಅದರಲ್ಲಿ ನಾವು ಹಾಸ್ಟೆಲ್ ರೂಮಲ್ಲಿ ಕೂತು ಏನು ಓದುತ್ತೇವೆ ಅಂತ ಎಲ್ಲರಿಗೂ ಗೊತ್ತು.

ನನ್ನ 84 ಜನರ ಎಕ್ಸೆಲ್ ಶೀಟ್ ಲ್ಯಾಪ್‌ಟಾಪಲ್ಲಿ ಹಾಗೇ ಇದೆ. ಜೂನಿಯರ್ಸ್ ಯಾರಾದರೂ ಅದೇ ಹಳ್ಳಿಗೆ ಹೋಗಿ, ಅದೇ ಅಜ್ಜ ಅಜ್ಜಿಯರನ್ನು ಮತ್ತೆ ನಡೆಸಿ ನೋಡುವುದಾದರೆ ಕೊಡುತ್ತೇನೆ. ಎಥಿಕ್ಸ್ ಕಮಿಟಿ ಒಪ್ಪಬೇಕು, ಅಷ್ಟೇ.

– ಒಬ್ಬ ಹೌಸ್ ಸರ್ಜನ್