ಹೊಲಿಗೆ ತರಬೇತಿಯಲ್ಲಿ ಹಿಗ್ಗುವ ಬಟ್ಟೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ನಮ್ಮ ಊರುಗಳಲ್ಲಿ ನಡೆಯುವ ಮಹಿಳಾ ಹೊಲಿಗೆ ತರಬೇತಿಗಳು ಸಾಮಾನ್ಯವಾಗಿ ಲಂಗ, ಫ್ರಾಕು, ರವಿಕೆ, ಚೂಡಿದಾರಕ್ಕೆ ಬಂದು ನಿಲ್ಲುತ್ತವೆ. ಹೆಚ್ಚೆಂದರೆ ಸೀರೆಗೆ ಫಾಲ್ಸ್ ಮತ್ತು ಕುಚ್ಚು ಸೇರಿಕೊಳ್ಳುತ್ತವೆ. ಹೀಗೆ ಕಲಿತ ಹೆಂಗಸರೇ ಬೆಳಗಿನ ನಡಿಗೆಗೆ, ಯೋಗ ತರಗತಿಗೆ, ಮನೆಯಲ್ಲಿ ಆರಾಮವಾಗಿರುವ ಹೊತ್ತಿಗೆ ತೊಡುವ ಟ್ರ್ಯಾಕ್ ಪ್ಯಾಂಟು, ಟೀ ಶರ್ಟುಗಳನ್ನು ಮಾತ್ರ ಅಂಗಡಿಯಿಂದ ಕೊಂಡು ತರುತ್ತಾರೆ. ಇವುಗಳನ್ನು ಕಾಗದದ ಮಾದರಿ ಇಟ್ಟುಕೊಂಡು ಮನೆಯ ಯಂತ್ರದಲ್ಲೇ ಹೊಲಿಯಬಹುದು, ಅದನ್ನು ಕಲಿಸುವ ಹೊಣೆಯನ್ನು ಸರ್ಕಾರದ ನೆರವಿನಿಂದ ನಡೆಯುವ ತರಬೇತಿಗಳು ಹೊತ್ತುಕೊಳ್ಳಬೇಕು ಎಂಬುದು ಈ ಪತ್ರದ ವಿಷಯ.

ಸಿದ್ಧ ಉಡುಪು ಅಗ್ಗವಾಗಿ ಸಿಗುವಾಗ ಈ ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಹಣ ಉಳಿಯುತ್ತದೆ ಎಂದು ನಾನು ವಾದಿಸುವುದಿಲ್ಲ. ರಸ್ತೆ ಬದಿಯ ಗಾಡಿಯಲ್ಲಿ ಮಾರುವ ಪ್ಯಾಂಟಿನ ಬೆಲೆಗೆ ಮನೆಯಲ್ಲಿ ಹೊಲಿದದ್ದು ಸರಿಗಟ್ಟುವುದು ಕಷ್ಟ. ತೊಂದರೆ ಇರುವುದು ಅಳತೆಯಲ್ಲಿ. ಐವತ್ತು ದಾಟಿದ ಎಷ್ಟೋ ಹೆಂಗಸರಿಗೆ ಸೊಂಟಕ್ಕೆ ಸರಿಹೋಗುವ ಪ್ಯಾಂಟು ತೊಡೆಯಲ್ಲಿ ಬಿಗಿಯುತ್ತದೆ, ತೊಡೆಗೆ ಸರಿಯಾದದ್ದು ಸೊಂಟದಿಂದ ಜಾರುತ್ತದೆ, ಎರಡೂ ಕೂಡಿಬಂದರೆ ಹಿಂಭಾಗದ ಎತ್ತರ ಸಾಲದೆ ಬಗ್ಗಿದಾಗಲೆಲ್ಲ ಕೆಳಕ್ಕೆ ಸರಿಯುತ್ತದೆ. ಹಿಂಭಾಗವನ್ನು ಮುಂಭಾಗಕ್ಕಿಂತ ಒಂದೆರಡು ಇಂಚು ಎತ್ತರಿಸಿ ಕತ್ತರಿಸಿದರೆ ಪರಿಹಾರವಾಗುವ ಸಂಗತಿಯಿದು. ಜೇಬಿನ ಮಾತಂತೂ ಬೇಡವೇ ಬೇಡ. ಬೀಗದ ಕೈ, ಮೊಬೈಲನ್ನು ಮುಷ್ಟಿಯಲ್ಲಿ ಹಿಡಿದೇ ಸುತ್ತು ಹಾಕುವ ಹೆಂಗಸರನ್ನು ಯಾವ ಪಾರ್ಕಿನಲ್ಲಾದರೂ ನೋಡಬಹುದು.

ಹಾಗಾದರೆ ಕಟೋರಿ ರವಿಕೆಯನ್ನೂ ಲೀಲಾಜಾಲವಾಗಿ ಹೊಲಿಯುವ ಕೈಗೆ ಈ ಸರಳ ಉಡುಪು ಏಕೆ ಒಗ್ಗಿಲ್ಲ? ರವಿಕೆಯ ಬಟ್ಟೆ ಹಾಸು ಹೊಕ್ಕಿನಲ್ಲಿ ನೇಯ್ದದ್ದು. ಬನಿಯನ್, ಟೀ ಶರ್ಟುಗಳದ್ದು ಕುಣಿಕೆಗೆ ಕುಣಿಕೆ ಕೂಡಿಸಿ ಹೆಣೆದದ್ದು, ಆದ್ದರಿಂದಲೇ ಅದು ಹಿಗ್ಗುತ್ತದೆ. ನೇಯ್ದ ಬಟ್ಟೆಯ ಕುರ್ತಾ ಕತ್ತರಿಸುವಾಗ ಎದೆಯ ಸುತ್ತಳತೆಗೆ ಮೂರು ನಾಲ್ಕು ಇಂಚು ಸಡಿಲ ಸೇರಿಸಬೇಕೆಂದು ಕಲಿಸುತ್ತಾರೆ. ಲೆಗಿಂಗ್ಸ್‌ನಂತೆ ಮೈಗೆ ಅಂಟಿ ಕೂರುವ ಉಡುಪಿನಲ್ಲಿ ಈ ಲೆಕ್ಕ ತಿರುವುಮುರುವಾಗಿ, ಮೈಯ ಅಳತೆಗಿಂತ ಕಡಿಮೆ ಇಟ್ಟು ಕತ್ತರಿಸಬೇಕಾಗುತ್ತದೆ. ಎಷ್ಟು ಕಡಿಮೆ ಎಂಬುದನ್ನು ಬಟ್ಟೆಯೇ ಹೇಳುತ್ತದೆ: ಅಡ್ಡಲಾಗಿ 10 ಸೆಂ.ಮೀ. ಗುರುತು ಹಾಕಿಕೊಂಡು, ಸ್ಕೇಲಿನ ಮೇಲೆ ಬಲವಂತವಿಲ್ಲದೆ ಎಳೆದಾಗ ಅದು 13 ಸೆಂ.ಮೀ. ತಲುಪಿದರೆ ಹಿಗ್ಗು ಶೇ 30 ಎಂದರ್ಥ. ಕೈಬಿಟ್ಟಾಗ ಮೊದಲಿನ ಅಳತೆಗೆ ಮರಳುತ್ತದೆಯೇ ಎಂಬುದನ್ನೂ ನೋಡಬೇಕು. ಮರಳದ ಬಟ್ಟೆಯ ಪ್ಯಾಂಟಿನಲ್ಲಿ ಸ್ವಲ್ಪ ದಿನಕ್ಕೇ ಮಂಡಿಯ ಭಾಗ ಉಬ್ಬಿ ನಿಲ್ಲುತ್ತದೆ. ಹೆಚ್ಚು ಹಿಗ್ಗುವ ದಿಕ್ಕು ಮೈಯನ್ನು ಸುತ್ತುವಂತೆ ಮಾದರಿಯನ್ನು ಇಡಬೇಕು. ಹತ್ತಿಯ ಬಟ್ಟೆಯಾದರೆ ಕತ್ತರಿಸುವ ಮೊದಲೇ ನೀರಿಗೆ ಹಾಕಿ ಒಣಗಿಸಬೇಕು.

ಸೂಜಿಯೂ ಬೇರೆಯೇ. ಚೂಪು ಮೊನೆಯ ಮಾಮೂಲಿ ಸೂಜಿ ಕುಣಿಕೆಯ ಎಳೆಯನ್ನೇ ಕಡಿಯುವುದರಿಂದ ಒಂದೆರಡು ಸಲ ಒಗೆದ ಮೇಲೆ ಹೊಲಿಗೆಯುದ್ದಕ್ಕೂ ತೂತುಗಳು ಏಳುತ್ತವೆ. ಬಾಲ್ ಪಾಯಿಂಟ್ ಸೂಜಿಯ ಗುಂಡು ಮೊನೆ ಎಳೆಗಳನ್ನು ಪಕ್ಕಕ್ಕೆ ಸರಿಸಿ ನಡುವೆ ಇಳಿಯುತ್ತದೆ. ಬಟ್ಟೆ ಹಿಗ್ಗಿದಾಗ ನೇರ ಹೊಲಿಗೆ ಪಟಪಟನೆ ಕಿತ್ತುಹೋಗುವುದರಿಂದ ಕಿರಿದಾದ ಜಿಗ್‌ಜಾಗ್ ಹೊಲಿಗೆ ಬೇಕು. ಸರ್ಕಾರದ ಹಂಚಿಕೆಯಲ್ಲಿ ಸಿಗುವ ಯಂತ್ರಗಳಲ್ಲಿ ಹೆಚ್ಚಿನವು ನೇರ ಹೊಲಿಗೆಯವೇ ಎಂಬುದು ನಿಜ. ಆದರೆ ಅವುಗಳಲ್ಲೂ ಪಾಲಿಯೆಸ್ಟರ್ ದಾರ ಹಾಕಿ, ಮೇಲಿನ ದಾರದ ಬಿಗಿಯನ್ನು ತುಸು ಇಳಿಸಿ, ಬಟ್ಟೆಯನ್ನು ಅದುಮಿ ಹಿಡಿಯುವ ಯಂತ್ರದ ಪಾದದ ಹಿಂದೆ ಮುಂದೆ ಹಗುರವಾಗಿ ಎಳೆದು ಹಿಡಿದು ಹೊಲಿದರೆ, ಸಡಿಲವಾದ ಪ್ಯಾಂಟು, ಟೀ ಶರ್ಟಿಗೆ ಸಾಕಾಗುವಷ್ಟು ಹಿಗ್ಗು ಹೊಲಿಗೆಗೂ ಬರುತ್ತದೆ. ಹೆಣೆದ ಬಟ್ಟೆಯ ಅಂಚು ನೇಯ್ದದ್ದರಂತೆ ಎಳೆ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅಂಚು ಕಟ್ಟುವ ಓವರ್‌ಲಾಕ್ ಯಂತ್ರ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ.

ಇನ್ನು ಕಾಗದದ ಮಾದರಿ. ಎಬೆನೆಜರ್ ಬಟರಿಕ್ ಎಂಬ ಅಮೆರಿಕದ ದರ್ಜಿ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಲು ಆರಂಭಿಸಿದ್ದು 1863ರಲ್ಲಿ. ನಮ್ಮಲ್ಲಿ ಇಂದಿಗೂ ಪ್ರತಿಯೊಬ್ಬರೂ ಪ್ರತಿಸಲವೂ ಹಳೆಯ ದಿನಪತ್ರಿಕೆಯ ಮೇಲೆ (ತಮ್ಮ ಪತ್ರಿಕೆಯೂ ಈ ಸೇವೆಗೆ ಹೊರತಲ್ಲ) ಹೊಸದಾಗಿ ಗೆರೆ ಎಳೆಯುತ್ತಾರೆ. ಈಗ ಅಂತರ್ಜಾಲದಲ್ಲಿ ವ್ಯಾಯಾಮದ ಉಡುಪುಗಳ ಮಾದರಿಗಳು ಸಿಗುತ್ತವೆ. ಎ4 ಹಾಳೆಗಳಲ್ಲಿ ಮುದ್ರಿಸಿಕೊಂಡು ಅಂಟಿಸಿದರೆ ಪೂರ್ತಿ ಮಾದರಿ ಸಿದ್ಧವಾಗುತ್ತದೆ. ಆದರೆ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ, ಅಳತೆಗಳು ಬಹುಪಾಲು ಹೊರದೇಶದ ಮೈಕಟ್ಟಿಗೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದಿಸುವ ಆಯ್ಕೆ ಒತ್ತಿ ಮುದ್ರಿಸಿಬಿಟ್ಟರೆ ಇಡೀ ಮಾದರಿ ಕುಗ್ಗುತ್ತದೆ, ಮತ್ತು ಕತ್ತರಿ ಹಾಕಿದ ಮೇಲೆ ಅದು ತಿಳಿದು ಪ್ರಯೋಜನವಿಲ್ಲ. ಅಳತೆ ಪರೀಕ್ಷಿಸಲೆಂದೇ ಒಂದು ಚೌಕವನ್ನು ಮಾದರಿಯಲ್ಲಿ ಮುದ್ರಿಸಿರುತ್ತಾರೆ; ಅದನ್ನು ಟೇಪಿನಿಂದ ಅಳೆಯಬೇಕೆಂದು ಕಲಿಸುವವರು ಬೇಕು.

ಎಲ್ಲವನ್ನೂ ಮನೆಯಲ್ಲೇ ಹೊಲಿಯಬಹುದೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಓಟಗಾರರ ಬಿಗಿಯುಡುಪು ಮತ್ತು ಸ್ಪೋರ್ಟ್ಸ್ ಬ್ರಾಗಳ ಚಪ್ಪಟೆ ಹೊಲಿಗೆಗೆ ವಿಶೇಷ ಯಂತ್ರಗಳಿವೆ. ಅವುಗಳ ಗೋಜಿಗೆ ಹೋಗದಿರುವುದೇ ಮೇಲು. ಯೋಗಕ್ಕಾದರೆ ಹಿಗ್ಗುವ ಬಟ್ಟೆಯೇ ಬೇಕೆಂದೇನೂ ಇಲ್ಲ. ಎರಡು ಕಾಲುಗಳು ಕೂಡುವಲ್ಲಿ ವಜ್ರಾಕಾರದ ತುಂಡೊಂದನ್ನು ಸೇರಿಸಿದರೆ ಹತ್ತಿಯ ಪಾಪ್ಲಿನ್ ಅಥವಾ ಖಾದಿಯ ಪೈಜಾಮದಲ್ಲಿ ಪದ್ಮಾಸನಕ್ಕೂ ಅಡ್ಡಿಯಾಗದು. ಕಲಿಯುವವರು ಇಲ್ಲಿಂದಲೇ ಆರಂಭಿಸಿ ಟ್ರ್ಯಾಕ್ ಪ್ಯಾಂಟಿಗೆ, ಆಮೇಲೆ ಟೀ ಶರ್ಟಿಗೆ ಬರಬಹುದು. ಹೆಣೆದ ಬಟ್ಟೆಗೆ ಬರವಿಲ್ಲ. ಅದರ ದೊಡ್ಡ ಕೇಂದ್ರವಾದ ತಿರುಪ್ಪೂರು ನೆರೆಯ ರಾಜ್ಯದಲ್ಲೇ ಇದೆ. ಈ ಬಟ್ಟೆಯನ್ನು ಹಲವೆಡೆ ಮೀಟರಿನ ಬದಲು ತೂಕದ ಲೆಕ್ಕದಲ್ಲಿ ಮಾರುವುದರಿಂದ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಚದರ ಮೀಟರಿಗೆ 200 ಗ್ರಾಂ ತೂಗುವ, ಒಂದೂವರೆ ಮೀಟರ್ ಪನ್ನದ ಬಟ್ಟೆಯಾದರೆ ಒಂದು ಕಿಲೋಗೆ ಸುಮಾರು 3.3 ಮೀಟರ್ ಬರುತ್ತದೆ. ಒಂದು ಪ್ಯಾಂಟು, ಒಂದು ಟೀ ಶರ್ಟು ಕತ್ತರಿಸಿದ ಮೇಲೂ ಉಳಿಯುತ್ತದೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ, ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದ್ದು, ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಇದರಡಿಯ ತರಬೇತಿಯಲ್ಲೂ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ, ಸ್ವ ಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಗಳ ಹೊಲಿಗೆ ತರಗತಿಗಳಲ್ಲೂ ಹೆಣೆದ ಬಟ್ಟೆಗೆ ಕೆಲವು ದಿನಗಳನ್ನಾದರೂ ಮೀಸಲಿಡಲಿ. ಯಂತ್ರ ವಿತರಿಸುವ ಇಲಾಖೆಗಳು ಜಿಗ್‌ಜಾಗ್ ಹೊಲಿಗೆಯಿರುವ ಯಂತ್ರವನ್ನು ಆರಿಸಿಕೊಳ್ಳುವ ಅವಕಾಶ ಕೊಡಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಜವಳಿ ಮತ್ತು ಉಡುಪು ವಿನ್ಯಾಸದ ವಿಭಾಗವಿದೆ. ಅಲ್ಲಿನ ತಜ್ಞರು ನಮ್ಮ ಹೆಂಗಸರ ಅಳತೆಗಳಿಗೆ ಹೊಂದುವ ಒಂದು ಪೈಜಾಮ, ಒಂದು ಟ್ರ್ಯಾಕ್ ಪ್ಯಾಂಟು ಮತ್ತು ಒಂದು ಟೀ ಶರ್ಟಿನ ಮಾದರಿಯನ್ನು ಕನ್ನಡ ವಿವರಣೆಯೊಂದಿಗೆ, ಇಂಚಿನ ಅಳತೆಯಲ್ಲಿ, ಪ್ಯಾಂಟುಗಳಿಗೆ ಜೇಬನ್ನು ಮರೆಯದೆ ಸಿದ್ಧಪಡಿಸಿ ಉಚಿತವಾಗಿ ಒದಗಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗರು, ಶಿವಮೊಗ್ಗ