ಕಣ್ಣು ಹೇಗಿದೆ ಎಂದು ಕೇಳದವರಿಗೆ

ಕಳೆದ ವಾರ ನನ್ನ ಎಡಗಣ್ಣಿನೊಳಗಿನ ಗುಳ್ಳೆ ಪೂರ್ತಿ ಕರಗಿತು. ತಲೆ ಅಲುಗಿದಾಗಲೆಲ್ಲ ಮೇಸ್ತ್ರಿಯ ರಸಮಟ್ಟದ ಗುಳ್ಳೆಯಂತೆ ತುಳುಕುತ್ತಿದ್ದದ್ದು ಏಳು ವಾರಗಳಲ್ಲಿ ಸಾಸಿವೆಯಷ್ಟಾಗಿ, ಒಂದು ಬೆಳಿಗ್ಗೆ ಇಲ್ಲವೇ ಇಲ್ಲ. ಇನ್ನು ಓದಬಹುದು, ಬರೆಯಬಹುದು ಎಂದರು ಡಾಕ್ಟರು. ಮೊದಲು ಬರೆಯುತ್ತಿರುವುದು ಇದನ್ನೇ.

ಜೂನ್ ಕೊನೆಗೆ ಕಣ್ಣಂಚಿನಲ್ಲಿ ಮಿಂಚು ಹೊಳೆಯತೊಡಗಿತ್ತು. ಮಳೆಗಾಲವಲ್ಲವೇ, ಹೊರಗಿನದೇ ಇರಬೇಕು ಎಂದುಕೊಂಡೆ (ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನ ಬುದ್ಧಿ!). ಬದಿಯಿಂದ ಕಪ್ಪು ಪರದೆ ಸರಿದು ಬಂದಾಗಲೇ ಆಸ್ಪತ್ರೆಗೆ ಓಡಿದ್ದು. ಬೆಳಕನ್ನು ಗ್ರಹಿಸುವ ಒಳಪದರ, ರೆಟಿನಾ, ಕಳಚಿತ್ತು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನೊಳಗೆ ಅನಿಲ ತುಂಬಿದರು. ಅನಿಲ ಮೇಲಕ್ಕೇರುತ್ತದೆ, ರೆಟಿನಾ ಇರುವುದು ಕಣ್ಣಿನ ಹಿಂಬದಿಯಲ್ಲಿ; ಹಾಗಾಗಿ ಮುಖ ನೆಲ ನೋಡುತ್ತಿದ್ದರೆ ಮಾತ್ರ ಗುಳ್ಳೆ ಅದನ್ನು ಒತ್ತಿ ಹಿಡಿಯುತ್ತದೆ. ಹತ್ತು ದಿನ ಕವುಚಿ ಮಲಗಬೇಕು. ಪತ್ರಿಕೆ ಇಲ್ಲ, ಟಿವಿ ಇಲ್ಲ, ಹಣೆಯ ಕೆಳಗೆ ಸುತ್ತಿಟ್ಟ ಬೈರಾಸು.

ಕಣ್ಣು ಉಳಿಸಿದ ಡಾಕ್ಟರಿಗೆ, ದಾದಿಯರಿಗೆ, ಕವುಚಿದವನಿಗೆ ಸ್ಟ್ರಾ ಹಾಕಿ ಗಂಜಿ ತಿಳಿ ಕುಡಿಸಿದ ಮನೆಯಾಕೆಗೆ ನನ್ನ ನಮಸ್ಕಾರ. ನೋಡಲು ಬಂದ ಬಂಧುಗಳಿಗೂ ನಮಸ್ಕಾರವೇ. ಆದರೆ ಬಂದವರೆಲ್ಲ ಕಣ್ಣು ಹೇಗಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ, ತಮಗೆ ಗೊತ್ತಿದ್ದ ಯಾರದೋ ಕಣ್ಣು ಹೋದ ಕಥೆ ಹೇಳಿ, ಬಾಳೆಹಣ್ಣು ಇಟ್ಟು ಹೋದರು. ಮೂರನೆಯ ದಿನಕ್ಕೆ ನನಗೆ ಕಣ್ಣಿನ ಹೊರತು ಬೇರೆ ಯಾವ ವಿಷಯವಾದರೂ ಸರಿ ಎನಿಸಿತ್ತು.

ಆಗ ಒದಗಿದವರು ಇಬ್ಬರು. ಪಕ್ಕದ ಮನೆಯ ಹುಡುಗ ಮಲ್ಪೆಯ ಬೋಟಿನಲ್ಲಿ ದುಡಿಯುವವನು. ತನ್ನ ಹಳೆಯ ರೇಡಿಯೋ ತಂದು ಮಂಚದ ಕೆಳಗಿಟ್ಟ. ಸೆಲ್ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಇಂಗ್ಲೆಂಡಿನಲ್ಲಿರುವ ಮಗಳು ಮೊಬೈಲಿನಲ್ಲಿ ಬಿಬಿಸಿಯ ರೇಡಿಯೋ ಫೋರ್ ಸಿಗುವಂತೆ ಮಾಡಿಕೊಟ್ಟಳು. 1967ರಲ್ಲಿ ಆರಂಭವಾದ, ಹಾಡಿಗಿಂತ ಮಾತನ್ನೇ ನಂಬಿದ ನಿಲಯ. ಬರೀ ಮಾತು ಯಾರು ಕೇಳುತ್ತಾರೆ ಎಂದು ತಾಳಮದ್ದಳೆಯ ನಾಡಿನವನು ಕೇಳಬಾರದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಕೃಷ್ಣನೂ ಕೌರವನೂ ಕುಳಿತಲ್ಲೇ ವಾದಿಸುವುದನ್ನು ಬೆಳಗಾಗುವ ತನಕ ಕೇಳಿ ಬೆಳೆದವರು ನಾವು.

ನನ್ನ ದಿನ ಬೆಳಗಿನ ಜಾವ ಐದೂಕಾಲಕ್ಕೆ ತೆರೆಯುತ್ತಿತ್ತು. ಅಲ್ಲಿ ಆಗಷ್ಟೇ ನಡುರಾತ್ರಿ ಕಳೆದಿರುತ್ತದೆ, ಹಡಗುಗಳಿಗೆ ಹವಾಮಾನ ವರದಿ. ಬ್ರಿಟನ್ನಿನ ಸುತ್ತಲಿನ ಕಡಲನ್ನು 31 ಭಾಗ ಮಾಡಿ, ಒಂದೊಂದರ ಹೆಸರು ಹಿಡಿದು ಗಾಳಿ, ಮಳೆ, ಎಷ್ಟು ದೂರ ಕಾಣುತ್ತದೆ ಎಂದು ಹೇಳುತ್ತಾ ಹೋಗುತ್ತಾರೆ. ವೈಕಿಂಗ್, ಫೋರ್ಟೀಸ್, ಡಾಗರ್, ಫಿಶರ್... ಸಹಸ್ರನಾಮದ ಓಘ. ಪಕ್ಕದ ಹುಡುಗನಿಗೂ ನಿದ್ದೆ ಇಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ, ಕೈಗೆ ಕೆಲಸವಿಲ್ಲ. ಜಗಲಿಯಲ್ಲಿ ಕುಳಿತು ಆಲಿಸುತ್ತಿದ್ದ. ವರದಿಯಲ್ಲಿ ಗಾಳಿಯ ಬಲ "ಎಂಟು" ಎಂದರೆ ಬಿರುಗಾಳಿ ಎಂದು ನಾನು ಹೇಳಿಕೊಟ್ಟೆ. "ಅಷ್ಟು ಗಾಳಿಗೂ ಹೋಗುತ್ತಾರೆಯೇ? ಅವರಿಗೆ ನಮ್ಮ ಹಾಗೆ ರಜೆ ಇಲ್ಲವೇ ಮಾಷ್ಟ್ರೇ?" ಎಂದ. ಉತ್ತರ ನನಗೆ ತಿಳಿಯಲಿಲ್ಲ.

ವರದಿಯ ಹಿಂದೆಯೇ ಅವರ ರಾಷ್ಟ್ರಗೀತೆ. ಅದು ಮುಗಿದು ನಮ್ಮ ಆಕಾಶವಾಣಿಯ ವಂದೇ ಮಾತರಂ ಕೇಳುವುದರೊಳಗೆ ಒಂದು ಲೋಟ ಕಾಫಿಗೆ ಸಮಯ. ಮಂಗಳೂರು ನಿಲಯ ಆರಂಭವಾದ 1976ರಲ್ಲಿ ನಾನು ಹೈಸ್ಕೂಲಿನ ಹುಡುಗ. ಬ್ರಹ್ಮಾವರದ ಆ ಎತ್ತರದ ಪ್ರಸಾರ ಗೋಪುರವನ್ನು ಬಸ್ಸಿನಿಂದ ಎಷ್ಟು ಸಲ ನೋಡಿದ್ದೇನೋ. ಅದರ ಉಪಕಾರ ಅರ್ಥವಾದದ್ದು ಏನೂ ನೋಡಲಾಗದ ಈ ದಿನಗಳಲ್ಲಿ. ಚಿಂತನ, ವಾರ್ತೆ, ಕೃಷಿಕರಿಗೆ ಸಲಹೆ, ತುಳು, ಕೊಂಕಣಿ. ಅಡಿಕೆ ಮರ ನನಗೆ ಒಂದೂ ಇಲ್ಲ, ಆದರೂ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೆರೆಸುವ ಕ್ರಮ ಈಗ ಬಾಯಿಪಾಠ.

ಹತ್ತೂವರೆಗೆ ಲಂಡನ್ನಿನ ಬೆಳಗು. ರಾಜಕಾರಣಿಗಳನ್ನು ಹಿಡಿದು ಕೂರಿಸಿ ಪ್ರಶ್ನಿಸುವುದನ್ನು ಅವರಿಂದ ನಾವು ಕಲಿಯಬಹುದಿತ್ತು. ಗಂಟೆಗೊಮ್ಮೆ ಆರು ಸಲ ಪೀಂ ಎನ್ನುವ ಸಮಯ ಸಂಕೇತ ಬರುತ್ತದೆ. ಮೊಬೈಲಿಗೆ ಅದು ತಡವಾಗಿ ತಲುಪುವುದರಿಂದ ಗಡಿಯಾರ ಹೊಂದಿಸಿಕೊಳ್ಳಲು ಹೋಗಬೇಡಿ. ಸಂಜೆ ಆರೂವರೆಗೆ ಹಳ್ಳಿಯ ಧಾರಾವಾಹಿ, 1951ರಿಂದ ನಡೆಯುತ್ತಲೇ ಇದೆ. ರೈತರಿಗೆ ಹೊಸ ಬೇಸಾಯ ತಿಳಿಸಲು ಹುಟ್ಟಿದ್ದಂತೆ. ನಾನು ಕೇಳಿದಷ್ಟರಲ್ಲಿ ಬೇಸಾಯಕ್ಕಿಂತ ಜಗಳವೇ ಹೆಚ್ಚು. ಶುಕ್ರವಾರದ ತೋಟಗಾರಿಕೆ ಪ್ರಶ್ನೋತ್ತರದಲ್ಲಿ ಯಾರೋ ಬಸವನಹುಳುವಿನ ಕಾಟ ಹೇಳಿಕೊಂಡಾಗ ಒಳಗಿದ್ದ ಮನೆಯಾಕೆ ಓಡಿ ಬಂದಳು. ಬಸಳೆ ಚಪ್ಪರದ ದುಃಖ ಅವಳದು.

ಎರಡೂ ನಿಲಯಗಳ ಯಾರಿಗೂ ನಾನೊಬ್ಬ ಇದ್ದೇನೆಂದು ಗೊತ್ತಿಲ್ಲ. ಒಬ್ಬರೂ ಕಣ್ಣಿನ ಸುದ್ದಿ ಎತ್ತಲಿಲ್ಲ. ಹವೆ ಓದಿದವರಿಗೆ, ಕೊಳೆರೋಗಕ್ಕೆ ಮದ್ದು ಹೇಳಿದವರಿಗೆ, ಬಸವನಹುಳುವಿಗೆ ಹೆದರಿದ ಆ ಕೇಳುಗರಿಗೆ, ಅದಕ್ಕಾಗಿಯೇ ನನ್ನ ಕೃತಜ್ಞತೆ.

ನಿನ್ನೆ ಹೊಸ ಸೆಲ್ ಹಾಕಿ ರೇಡಿಯೋ ಹಿಂತಿರುಗಿಸಲು ಹೋದೆ. ಹುಡುಗ ಕಡಲಿಗೆ ಹೋಗಿದ್ದ. ಅವನ ತಾಯಿ ಬಾಗಿಲಲ್ಲೇ, "ಈಗ ಕಣ್ಣು ಹೇಗಿದೆ ಮಾಷ್ಟ್ರೇ?" ಎಂದರು. ಜಗಲಿಯಲ್ಲಿ ಕುಳಿತು ಮಿಂಚಿನಿಂದ ಹಿಡಿದು ಗುಳ್ಳೆಯವರೆಗೆ ಎಲ್ಲ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು.